ತಾಯಿನಾಯಿಗೆ ಒಯ್ದ ರೊಟ್ಟಿ

ನಮ್ಮ ಮನೆಗೆ ನಾಯಿ ಬರುವುದಾದರೆ ಅದು ಮೂರು ತಲೆಮಾರಿನ ವಂಶಾವಳಿ ಹೊತ್ತೇ ಬರತಕ್ಕದ್ದು ಎಂದು ಒಂದು ಭಾನುವಾರ ಬೆಳಿಗ್ಗೆ, ಒಗ್ಗರಣೆ ಮಂಡಕ್ಕಿ ತಿನ್ನುತ್ತ ನಾನು ಘೋಷಿಸಿದೆ. ಕಾಲೇಜಿನಲ್ಲಿ ಇತಿಹಾಸ ಹೇಳುವವನು ನಾನು. ವಿಜಯನಗರದ ಅರಸರ ವಂಶವೃಕ್ಷವನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಅಂಥವನ ಮನೆ ಕಾಯುವ ನಾಯಿಗೆ ಸ್ವಂತ ತಂದೆ ಯಾರೆಂದೇ ಗೊತ್ತಿಲ್ಲವೆಂದರೆ ಹೇಗೆ! ಗಂಗಾವತಿಯಲ್ಲಿ ತಳಿ ಮರಿಗಳನ್ನು ಮಾರುವ ದುರಗೇಶ ಎಂಬವರಿಗೆ ಫೋನು ಮಾಡಿ, ಬಂಗಾರದ ಬಣ್ಣದ ಲ್ಯಾಬ್ರಡಾರ್ ಮರಿಯೊಂದನ್ನು ಹೇಳಿಟ್ಟೂ ಆಗಿತ್ತು.

ಹೆಂಡತಿ ರಂಜಿತಾ ಚಹಾ ಲೋಟವನ್ನು ಮುಂದಿಟ್ಟಳು.

"ಜಾವೇದಣ್ಣನ ಹಿತ್ತಲದಾಗ ಒಂದು ನಾಯಿ ಮನಿ ಇಲ್ಲದ ಕುಂತೈತಿ. ಅದನ್ನ ಬಿಟ್ಟು ಗಂಗಾವತಿಗೆ ಯಾಕ ಹೊಂಟೀರಿ?"

ನಾನು ಲ್ಯಾಬ್ರಡಾರಿನ ಗುಣವಿಶೇಷಗಳನ್ನು ವರ್ಣಿಸತೊಡಗಿದೆ. ಅವಳು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಜಾವೇದ ನನ್ನ ಗೆಳೆಯ. ಇರಕಲ್ಲಗಡದವನು, ಕೊಪ್ಪಳದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಗಾದಿ ಅಂಗಡಿ ಇಟ್ಟಿದ್ದ. ಗಂಟುಗಟ್ಟಿದ ಹಳೆಯ ಗಾದಿಯ ಹತ್ತಿ ತೆಗೆದು, ಹಿಂಜಿ, ಮತ್ತೆ ತುಂಬಿ ಹೊಲಿಯುವ ಕೆಲಸ. ಕೆಲಸಕ್ಕೆ ಬಾರದ ಹತ್ತಿಯೆಲ್ಲ ಹಿತ್ತಲಿಗೆ ಹೋಗುತ್ತಿತ್ತು. ಅದರ ಮೇಲೆ ಊರ ನಾಯಿಗಳು ಮಲಗಿರುತ್ತಿದ್ದವು: ಬಸ್ಸಿಗೆ ಸಿಕ್ಕಿ ಕಾಲು ಮುರಿದವು, ಕಜ್ಜಿ ಹತ್ತಿದವು, ಸಾಕಿ ಬೇಸರವಾಗಿ ಯಾರೋ ಬೈಪಾಸಿನಲ್ಲಿ ಇಳಿಸಿ ಹೋದವು. ಅಂಗಡಿಗೆ ಅಂಟಿದ ಮನೆಯೊಳಗೆ ನಮಾಜಿನ ಜಾಗವಿದೆ, ನಾಯಿ ಹೊಸ್ತಿಲು ದಾಟಕೂಡದು ಎಂಬುದು ಅವನ ಹೆಂಡತಿ ಮುಬಾಶಿರಾ ಭಾಭಿಯ ಷರತ್ತು. ನಾಯಿಗಳು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವು. ಜಾವೇದನೇ ಚಪ್ಪಲಿ ಮೆಟ್ಟಿಕೊಂಡು ಒಳಗೆ ನುಗ್ಗಿ ಬೈಸಿಕೊಳ್ಳುತ್ತಿದ್ದ.

ದಿನಾ ಸಂಜೆ ಅಲ್ಲಿ ನಮ್ಮ ಚಹಾ, ಚಹಾದ ಜೊತೆಗೆ ಜಗಳ. ಜಗಳದ ವಿಷಯ ಬಹುಪಾಲು ಇದೇ. ತಳಿಯ ನಾಯಿಯಾದರೆ ಅದು ಎಷ್ಟು ಬೆಳೆಯುತ್ತದೆ, ಎಂಥ ಸ್ವಭಾವದ್ದು ಎಂಬುದು ಮೊದಲೇ ತಿಳಿದಿರುತ್ತದೆ. ಸಣ್ಣ ಮಕ್ಕಳಿರುವ ಮನೆಗೆ ಅದು ಸಣ್ಣ ಮಾತಲ್ಲ ಎಂದು ನಾನು. ಅವನು ಅದನ್ನು ಒಪ್ಪುತ್ತಿದ್ದ. ಒಪ್ಪಿ, ಸೂಜಿಯಿಂದ ಕಣ್ಣೆತ್ತದೆ ಹೇಳುತ್ತಿದ್ದ: "ಹುಟ್ಟಿದ್ದಕ್ಕ ಮನಿ ಸಿಗವಲ್ದು, ಗಾಳೇಶ. ನೀ ನೋಡಿದ್ರ ಇನ್ನೂ ಹುಟ್ಟಲಾರದ್ದಕ್ಕ ಮನಿ ಹಿಡಿಯಾಕ ಹತ್ತೀಯಲ್ಲೋ."

ಜಗಳ ಇತ್ಯರ್ಥವಾಗುವ ಮೊದಲೇ, ಮಳೆಗಾಲದ ಒಂದು ಮಧ್ಯಾಹ್ನ ಅವನ ಎದೆಬಡಿತ ನಿಂತಿತು. ಹೊಲಿಯುತ್ತಿದ್ದ ಗಾದಿ ಅರ್ಧಕ್ಕೆ ಉಳಿಯಿತು. ವಾದದಲ್ಲಿ ಉಳಿದವನು ನಾನೊಬ್ಬನೇ. ಇಂಥ ಗೆಲುವು ನನ್ನ ವೈರಿಗೂ ಬೇಡ.

ಅವನ ಪರಿಚಯದವರು ಒಬ್ಬೊಬ್ಬರಾಗಿ ಬಂದು ನಾಯಿಗಳನ್ನು ಒಯ್ದರು. ಯಾರಿಗೂ ಬೇಡವಾಗಿ ಉಳಿದದ್ದು ಸುಬೇದಾರ. ಬೂದಿ ಬಣ್ಣ, ಅರ್ಧ ಕಿವಿ, ಪೂರ್ತಿ ಮುಪ್ಪು. ನಾನಂತೂ ಆ ಓಣಿಗೆ ಕಾಲಿಡಲಿಲ್ಲ. ತರಕಾರಿ ತರುವುದಕ್ಕೂ ಸುತ್ತು ಹಾಕಿ ಹೋಗುತ್ತಿದ್ದೆ. ಆಮೇಲೆ ಬಂದ ಆ ಭಾನುವಾರ ನಾನು ಏನೇ ಘೋಷಿಸಿರಲಿ, ನನಗೆ ಬೇಕಿದ್ದದ್ದು ವಂಶಾವಳಿಯೂ ಅಲ್ಲ, ಬಂಗಾರದ ಬಣ್ಣವೂ ಅಲ್ಲ. ಜಾವೇದನನ್ನು ಎಂದೂ ನೋಡಿರದ ಒಂದು ನಾಯಿ ಬೇಕಿತ್ತು.

ರಂಜಿತಾಳ ತವರು ಬೇವೂರು. ಅವಳ ತವರಿನಲ್ಲಿ ಮರಿಯನ್ನು ಸುಮ್ಮನೆ ಎತ್ತಿಕೊಂಡು ಬರುವಂತಿಲ್ಲ. ತಾಯಿನಾಯಿಗೆ ಬೆಣ್ಣೆ ಸವರಿದ ಜೋಳದ ರೊಟ್ಟಿ ತಿನ್ನಿಸಿ, ನಿನ್ನ ಕೂಸನ್ನು ಒಯ್ಯುತ್ತೇವೆ, ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಅದಕ್ಕೆ ಹೇಳಿಯೇ ತರಬೇಕು. ಥೇಟು ಹೆಣ್ಣು ಕೇಳಲು ಹೋದ ಹಾಗೆ. ನನ್ನ ಹಟ ಕಂಡು ಅವಳು ವಾದ ಬಿಟ್ಟು ರೊಟ್ಟಿ ಬಡಿದಳು. ರೊಟ್ಟಿಯ ಬುಟ್ಟಿ, ಬೆಣ್ಣೆಯ ಡಬ್ಬಿಗಳನ್ನು ಸ್ಕೂಟರಿಗೆ ಕಟ್ಟಿ, ಬೀಗರ ಮನೆಗೆ ಹೊರಟವನ ಗತ್ತಿನಲ್ಲಿ ನಾನು ಗಂಗಾವತಿಯ ದಾರಿ ಹಿಡಿದೆ.

ದುರಗೇಶ ಒಳ್ಳೆಯ ಮನುಷ್ಯ. ಕುರ್ಚಿ ಹಾಕಿ, ನೀರು ಕೊಟ್ಟು, ಮರಿಯನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಅದು ಅಂಗಿಯ ಗುಂಡಿಯನ್ನು ಚೀಪತೊಡಗಿತು. ನಾನು ಕರಗಿದೆ. ಕರಗಿದ ಮೇಲೆ ಬುಟ್ಟಿ ಮುಂದಿಟ್ಟು, ತಾಯಿ ಎಲ್ಲಿ ಎಂದು ಕೇಳಿದೆ.

"ತಾಯಿ ಇಲ್ಲಿ ಇಲ್ರಿ ಸರ. ಮರಿ ಬಸ್ಸಿನಾಗ ಬರ್ತಾವ."

"ಎಲ್ಲಿಂದ?"

"ಮರಿ ಕಳಿಸೋರು ಬ್ಯಾರೆ ಅದಾರ್ರಿ. ತಾಯಿನ್ನ ನಾನೂ ನೋಡಿಲ್ಲ. ಇಲ್ಲೀತನಾ ಯಾರೂ ಕೇಳಿದ್ದಿಲ್ರಿ."

ಅವರು ಸುಳ್ಳು ಹೇಳಲಿಲ್ಲ, ಏನನ್ನೂ ಮುಚ್ಚಿಡಲೂ ಇಲ್ಲ. ವಂಶಾವಳಿಯ ಕಾಗದ ತೋರಿಸಿದರು. ತಾಯಿಯ ಹೆಸರು ಇಂಗ್ಲಿಷಿನಲ್ಲಿ ಭರ್ಜರಿಯಾಗಿತ್ತು. ಆದರೆ ಹೆಸರಿಗೆ ರೊಟ್ಟಿ ತಿನ್ನಿಸಲು ಬರುವುದಿಲ್ಲ. ನಾನು ಅಂಗಳಕ್ಕೆ ಬಂದು ರಂಜಿತಾಗೆ ಫೋನು ಹಚ್ಚಿ, ತಾಯಿಯ ಬದಲು ದುರಗೇಶರಿಗೇ ರೊಟ್ಟಿ ಕೊಟ್ಟರೆ ನಡೆದೀತೇ ಎಂದು ವಿಚಾರಿಸಿದೆ.

"ಅವರೇನು ಹಡದಾರೇನ್ರಿ?" ಎಂದಳು.

ಎಲ್ಲೋ ಒಂದು ಗೂಡಿನಲ್ಲಿ, ಹಾಲು ತುಂಬಿದ ಮೈಯಲ್ಲಿ ಒಂದು ನಾಯಿ ಮರಿಗಳು ಹೋದ ಬಾಗಿಲನ್ನೇ ನೋಡುತ್ತಿರಬಹುದು ಅನ್ನಿಸಿತು. ಅದಕ್ಕೆ ಹೇಳದೆ ಕೇಳದೆ ಮರಿ ಒಯ್ಯಲು ಮನಸ್ಸು ಬರಲಿಲ್ಲ. ದುರಗೇಶರಿಗೆ ಕೈಮುಗಿದು, ಬುಟ್ಟಿಯನ್ನು ಮತ್ತೆ ಸ್ಕೂಟರಿಗೆ ಕಟ್ಟಿದೆ. ಹೆಣ್ಣು ಕೇಳಲು ಹೋದವನು ಬುತ್ತಿಯ ಸಮೇತ ವಾಪಸ್ಸಾದ.

ಕೊಪ್ಪಳ ಮುಟ್ಟಿದರೆ, ನನ್ನ ಸುತ್ತಿನ ದಾರಿಯನ್ನು ಚರಂಡಿ ಕೆಲಸಕ್ಕೆಂದು ಅಗೆದಿದ್ದರು. ಉಳಿದದ್ದು ಜಾವೇದನ ಓಣಿ. ಕಣ್ಣು ನೆಟ್ಟಗಿಟ್ಟು ವೇಗ ಹೆಚ್ಚಿಸಿದೆ. ಬೆಣ್ಣೆ ಬಿಸಿಲಿಗೆ ಕರಗಿ ಸೋರುತ್ತಿರುವುದು ನನಗೆ ತಿಳಿದಿರಲಿಲ್ಲ. ಅಂಗಡಿಯ ಶಟರಿನ ಮುಂದೆ ಮಲಗಿದ್ದ ಸುಬೇದಾರನಿಗೆ ತಿಳಿಯಿತು. ಮುದುಕ ಎದ್ದು ಓಡಿಬಂದ. ನಾನು ಹಾರ್ನ್ ಒತ್ತಿದೆ, ಅವನು ಬುಟ್ಟಿಗೆ ಬಾಯಿ ಹಾಕಿದ. ಮೊದಲು ಬುಟ್ಟಿ, ಆಮೇಲೆ ಸ್ಕೂಟರು, ಕೊನೆಗೆ ನಾನು: ಸಾಮ್ರಾಜ್ಯಗಳ ಪತನದ ಬಗ್ಗೆ ವರ್ಷವರ್ಷವೂ ಪಾಠ ಹೇಳಿದ್ದೆ, ಒಳಗಿನಿಂದ ನೋಡಿದ್ದು ಅದೇ ಮೊದಲು. ನಾನು ಎದ್ದು ಕೂರುವಷ್ಟರಲ್ಲಿ ರೊಟ್ಟಿ ಮುಗಿದು, ಅವನು ನನ್ನ ಮೊಣಕಾಲಿನ ಬೆಣ್ಣೆ ನೆಕ್ಕುತ್ತಿದ್ದ.

ಸದ್ದಿಗೆ ಮುಬಾಶಿರಾ ಭಾಭಿ ಹೊರಗೆ ಬಂದರು. ಎಷ್ಟೋ ತಿಂಗಳ ಮೇಲೆ ಅವರ ಎದುರಿಗೆ ಬಂದವನು ನಡುಬೀದಿಯಲ್ಲಿ ಬೆಣ್ಣೆ ಮೆತ್ತಿಕೊಂಡು ಕುಳಿತಿದ್ದೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ.

"ರಂಜಿತಾ ಎಲ್ಲಾ ಹೇಳ್ಯಾರ ಭಾಯಿ. ಇದಕ್ಕ ತಾಯಿ ಇಲ್ಲ, ತನ್ನ ರೊಟ್ಟಿ ತಾನಽ ತಿಂದೈತಿ. ಇನ್ನ ಕರ್ಕೊಂಡು ಹೋಗ್ರಿ."

ಹಾಗೆ ಸುಬೇದಾರ ನಮ್ಮ ಮನೆಗೆ ಬಂದ. ಬಂದ ಅಷ್ಟೇ, ನಿಲ್ಲಲಿಲ್ಲ. ಸಂಜೆಯಾಯಿತೆಂದರೆ ಗೇಟಿನ ಸಂದಿಯಿಂದ ನುಸುಳಿ ಜಾವೇದನ ಅಂಗಡಿಗೆ ಓಟ. ನಾನು ಜಾಲರಿ ಬಿಗಿದೆ, ಅವನು ಕೆಳಗೆ ಮಣ್ಣು ತೋಡಿದ. ಕಲ್ಲು ಹೂತೆ, ಹಾಲಿನವನ ಕಾಲ ಸಂದಿಯಲ್ಲಿ ಪಾರಾದ. ಹಿಡಿದು ತರಲು ದಿನಾ ನಾನೇ ಹೋಗಬೇಕು. ಅರ್ಧಕ್ಕೆ ಉಳಿದಿದ್ದ ಆ ಗಾದಿಯನ್ನು ಭಾಭಿ ತಾವೇ ಹೊಲಿದು ಮುಗಿಸಿ ಅಂಗಡಿ ಮತ್ತೆ ತೆರೆದಿದ್ದರು. ಚಹಾ ಕೊಟ್ಟು, ಜಾವೇದ ಗಿರಾಕಿಯೊಬ್ಬನ ಗಾದಿಯನ್ನು ಇನ್ನೊಬ್ಬನಿಗೆ ಕೊಟ್ಟು ಪೇಚಿಗೆ ಸಿಕ್ಕ ಕತೆಯನ್ನೋ ಮತ್ತೊಂದನ್ನೋ ಹೇಳುವರು. ನನ್ನ ಕಡೆಯಿಂದಲೂ ಒಂದು. ಸುಬೇದಾರ ಹೊಸ್ತಿಲಿಗೆ ಬೆನ್ನು ಕೊಟ್ಟು ರಸ್ತೆ ನೋಡುತ್ತಿದ್ದ. ಮನೆಗೆ ಮರಳಿ, ಈ ನಾಯಿಯ ಕಾಟದಲ್ಲಿ ನನ್ನ ಸಂಜೆಗಳೆಲ್ಲ ಮಣ್ಣುಪಾಲಾದವು ಎಂದು ನಾನು ಹಾರಾಡುತ್ತಿದ್ದೆ. ರಂಜಿತಾ ಹೂಂಗುಟ್ಟುತ್ತಿದ್ದಳು.

ಮೊನ್ನೆ ಸಂಜೆಯೂ ಹಾಗೆಯೇ ಬಿರಬಿರನೆ ಹೋಗಿ ಅಂಗಡಿಯ ಮುಂದೆ ನಿಂತು, ಎಲ್ಲಿದ್ದಾನೆ ಆ ಕಳ್ಳ ಎಂದು ಗದರಿದೆ. ಭಾಭಿ ಆಚೀಚೆ ನೋಡಿದರು. ಸುಬೇದಾರ ಬಂದೇ ಇರಲಿಲ್ಲ. ಅಷ್ಟರಲ್ಲಿ ಅವರ ಫೋನು ಗುನುಗಿತು. ಕೈಯಲ್ಲಿ ಹೊಲಿಗೆಯಿತ್ತು, ಫೋನನ್ನು ಗಾದಿಯ ಮೇಲಿಟ್ಟು ಸ್ಪೀಕರ್ ಒತ್ತಿದರು. ರಂಜಿತಾಳ ದನಿ.

"ಭಾಭಿ, ಸುಬೇದಾರ ಇಲ್ಲೇ ಕಾಟಿನ ಕೆಳಗ ಗೊರಕಿ ಹೊಡ್ಯಾಕ ಹತ್ಯಾನ. ಇನ್ನೊಂದು ತಪ್ಪಿಸ್ಕೊಂಡು ನಿಮ್ಮ ಕಡೆ ಬಂದೈತಿ. ಒಂದೀಟು ಚಹಾ ಹಾಕಿ ಕೂಡಿಸ್ಕೊಂಡಿರ್ರಿ. ಕತ್ತಲಾಗೋದ್ರಾಗ ನಾ ಬಂದು ಕರ್ಕೊಂಡು ಹೋಗ್ತೀನಿ."