ಚೀಲದಕ್ಕನ ಸಹಜ ಪರಿಸರ

ಉದ್ಯಮಶೀಲತೆಯ ಬಗ್ಗೆ ಸಂಶೋಧನೆ ನಡೆಸಲು ಕನಿಷ್ಠ ಒಬ್ಬ ಉದ್ಯಮಿಯಾದರೂ ಇರತಕ್ಕದ್ದು ಎಂದು ಸಂಶೋಧನಾ ಸಂಸ್ಥೆಯು ಸುದೀರ್ಘ ಚರ್ಚೆಯ ನಂತರ ತೀರ್ಮಾನಿಸಿತು. ಪ್ರಕರಣ ಅಧ್ಯಯನ ಕಲಿಯಲು ಬಂದಿದ್ದ ಶಿಬಿರಾರ್ಥಿಗಳ ಕೈಗೆ ಸಿಕ್ಕವಳು ಬಟ್ಟೆ ಚೀಲ ಹೊಲಿದು ಮಾರುವ ಚೀಲದಕ್ಕ.

ಚೀಲ ಹರಿದರೆ ಹಿಡಿಕೆಯನ್ನಷ್ಟೇ ಬಿಚ್ಚಿ ಹೊಸ ಚೀಲಕ್ಕೆ ಸಿಕ್ಕಿಸುವ ಉಪಾಯ ಅವಳದೇ. ಎರಡು ಹೊಲಿಗೆ ಯಂತ್ರ, ಗಿರಾಕಿಗಳಿಗೊಂದು ಬೆಂಚು, ಕೈತುಂಬ ಕೆಲಸ. ಆ ಅಂಗಡಿಯೆಂದರೆ ಅವಳಿಗೆ ಪ್ರಾಣ.

"ನಾವು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ," ಎಂದರು ಶಿಬಿರ ನಡೆಸುತ್ತಿದ್ದ ಪ್ರಾಧ್ಯಾಪಕರು, ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು.

"ಸ್ವಲ್ಪ ಜರುಗಿದ್ರೆ ಅಂದ್ಕೊಳ್ಳೋದು ಸುಲಭ ಆಗುತ್ತೆ, ಸಾರ್."

ಪ್ರಕರಣದ ಸಹಜ ಪರಿಸರವನ್ನು ಹೊರಗಿನವರು ಕದಡಬಾರದೆಂಬುದು ಮೊದಲ ನಿಯಮ. ಹೊರಗಿನವರು ಯಾರೆಂದು ಶಿಬಿರಾರ್ಥಿಗಳು ಬೆಂಚಿನ ತುಂಬ ಕೂತು ಕೂಲಂಕಷವಾಗಿ ಪರಿಶೀಲಿಸಿದಾಗ, ಆಗಾಗ ಬಂದುಹೋಗುವ ಗಿರಾಕಿಗಳೇ ಎಂದು ಕಂಡುಬಂತು. ಬಾಗಿಲಿಗೆ ಪ್ರಕಟಣೆ ಬಿತ್ತು: "ಅಧ್ಯಯನ ಪ್ರಗತಿಯಲ್ಲಿದೆ. ಗಿರಾಕಿಗಳು ಬಾರದೆ ಸಹಕರಿಸತಕ್ಕದ್ದು."

ಯಾವ ಮಾತಿಗೂ ಮೂವರ ಸಾಕ್ಷಿ ಬೇಕೆಂಬುದು ಎರಡನೆಯ ನಿಯಮ. ಹಿಡಿಕೆ ತನ್ನದೇ ಉಪಾಯವೆಂದು ಚೀಲದಕ್ಕ ಹೇಳಿದಳು. "ಅವಳು ಹೇಳಿದ್ಮೇಲೆ ನಾನು ಇಲ್ಲ ಅನ್ನೋಕಾಗುತ್ತಾ?" ಎಂದ ಗಂಡ. ಅದು ಒತ್ತಡದ ಹೇಳಿಕೆಯೆಂದು ದಾಖಲಾಯಿತು. "ಹಿಡಿಕೆಯಂತೆ ಹಿಡಿಕೆ! ಮೊದ್ಲು ದೊಡ್ಡವರಿಗೆ ಎದುರು ಮಾತಾಡೋದು ಬಿಡ್ಲಿ," ಎಂದರು ಅತ್ತೆ.

ವರದಿ ಹೊರಬಂತು. "ಉದ್ಯಮ ವಿಫಲ. ಕಾರಣ, ಗಿರಾಕಿಗಳ ಅಭಾವ. ನಾವೀನ್ಯ ಸಾಬೀತಾಗಿಲ್ಲ."

ಚೀಲದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಗಿರಾಕಿಗಳನ್ನ ಓಡಿಸಿದ್ದು ನೀವೇ ಅಲ್ವಾ?"

"ನಾವು ಅಲ್ಲಿ ಇರ್ಲೇ ಇಲ್ವಲ್ಲಮ್ಮ," ಎಂದರು ಪ್ರಾಧ್ಯಾಪಕರು, ನಿಜವಾಗಿಯೂ ಮರುಗಿ.

ಇಷ್ಟು ಶುದ್ಧವಾದ ವೈಫಲ್ಯ ಅಪರೂಪವೆಂದು ವರದಿಗೆ ಬಹುಮಾನ ಬಂತು. ಮುಂದಿನ ತಂಡಗಳಿಗೂ ಅದೇ ಪ್ರಕರಣ ಬೇಕಾಯಿತು. ಸಂಸ್ಥೆಯು ಚೀಲದಕ್ಕನನ್ನು 'ಕಾಯಂ ವಿಫಲ ಉದ್ಯಮಿ' ಹುದ್ದೆಗೆ ನೇಮಿಸಿತು. ಸಂಬಳ, ರಜೆ, ಬಡ್ತಿ ಎಲ್ಲ ಉಂಟು. ಷರತ್ತು ಒಂದೇ, ಅಂಗಡಿ ಚೇತರಿಸಿಕೊಳ್ಳಬಾರದು.

"ಕೈಗೆ ಬಂದ ನೌಕರಿ ಬಿಡ್ಬೇಡ ಕಣೇ," ಎಂದ ಗಂಡ. ಅತ್ತೆಯಂತೂ ಮದುವೆಯಾದಂದಿನಿಂದ ಮೊದಲ ಬಾರಿಗೆ ಸೊಸೆಯನ್ನು ಜಾಣೆ ಎಂದರು. ಅವಳು ಸಹಿ ಹಾಕಿದಳು.

ಒಂದು ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬಳು ಹರಿದ ಚೀಲ ತಂದಳು. ಎರಡೇ ಎಳೆ ಹೊಲಿಗೆಯ ಕೆಲಸ. ಚೀಲದಕ್ಕನ ಬೆರಳು ತಾನಾಗಿ ಸೂಜಿಯತ್ತ ಹೋಯಿತು. ಅಳು ಬಂತು. ನುಂಗಿಕೊಂಡು ಕೈ ಹಿಂದಕ್ಕೆಳೆದಳು.

"ಇಲ್ಲಿ ಹೊಲಿಯಲ್ಲಮ್ಮ. ನಂಗೀಗ ಕೆಲಸ ಸಿಕ್ಕಿದೆ."

"ಹೌದಾ? ಅಂತೂ ಒಂದು ದಡ ಸೇರಿದ್ರಲ್ಲಕ್ಕ, ಸಂತೋಷ," ಎಂದು ಅವಳು ಹರಿದ ಚೀಲವನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದಳು.