ದಾಸವಾಳಕ್ಕೆ ಕಟ್ಟಿದ ಗಂಟು

ಪಕ್ಕದ ಮನೆ ಗಾದೆಮ್ಮನವರ ಅರಿಶಿಣ ಬಣ್ಣದ ಮುದ್ದೆ ದಾಸವಾಳವನ್ನು ಅವರನ್ನು ಕೇಳದೆಯೇ ನಮ್ಮ ಅಂಗಳದಲ್ಲಿ ಅರಳಿಸುತ್ತೇನೆಂದು ನಾನು ಹೆಂಡತಿಯೆದುರು ಶಪಥ ಮಾಡಿದೆ. ಕೂಡ್ಲಿಗಿಯಲ್ಲಿ ಹದಿನೆಂಟು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಅರೆದು ಕುಡಿಸುತ್ತಿರುವ ಕ್ರಾಂತಿಕುಮಾರನೆಂಬ ನಾನು ಒಂದು ಟೊಂಗೆಗಾಗಿ ಕೈಚಾಚುವುದೇ!

"ಒಂದ್ ಮಾತು ಕೇಳಿದ್ರ ಗಾದೆಮ್ಮಕ್ಕ ಕೊಡ್ತಾಳ್ರಿ," ಎಂದಳು ಪ್ರಿಯಾ.

"ಮುರಕೊಂಡು ಬಂದ ಟೊಂಗಿ ನಾಕ್ ದಿನಕ್ಕ ಒಣಗತೈತಿ. ಗಿಡದ ಮ್ಯಾಲೇ ಬೇರು ಬರಸ್ತೀನಿ, ನೋಡ್ತಿರು."

ಇದಕ್ಕೆ ಗೂಟಿ ಕಟ್ಟುವುದು ಎನ್ನುತ್ತಾರೆ. ಟೊಂಗೆಯ ತೊಗಟೆಯನ್ನು ಬೆರಳಗಲ ಉಂಗುರದಂತೆ ಸುಲಿದು, ಒದ್ದೆ ತೆಂಗಿನ ನಾರು ಸುತ್ತಿ ಬಿಗಿದರೆ ತಿಂಗಳೊಳಗೆ ಅಲ್ಲೇ ಬೇರೊಡೆಯುತ್ತದೆ. ಆಮೇಲೆ ಕತ್ತರಿಸಿ ನೆಟ್ಟರಾಯಿತು. ಒಂದು ಟೊಂಗೆ ಗೋಡೆ ದಾಟಿ ನಮ್ಮ ಕಡೆಗೇ ಬಾಗಿತ್ತು. ಒಂದು ಭಾನುವಾರ ಕೆಲಸ ಮುಗಿಸಿದೆ. ಗಾಯ ಕೊಳೆಯದಿರಲೆಂದು ಅರಿಶಿಣ ಬಳಿದೆ. ಬೇರಿಗೆ ಕತ್ತಲೆ ಬೇಕೆಂದು ಕರಿ ಕವರು ಸುತ್ತಿದೆ. ಸುತಳಿ ಸಿಗಲಿಲ್ಲ, ಪ್ರಿಯಾಳ ಹೊಲಿಗೆ ಡಬ್ಬಿಯ ಕೆಂಪು ದಾರವನ್ನೇ ಏಳೆಂಟು ಸುತ್ತು ಬಿಗಿದೆ. ಅಂದು ಅಮಾವಾಸ್ಯೆಯೂ ಆಗಿತ್ತು. ನನ್ನಂಥ ವಿಚಾರವಾದಿಗೆ ಅದೊಂದು ಲೆಕ್ಕವೇ?

ಇಪ್ಪತ್ತೈದನೆಯ ದಿನ ಜೋರು ಗಾಳಿಗೆ ಟೊಂಗೆ ಆಚೆಗೆ ಹೊರಳಿತು. ಬೆಳಿಗ್ಗೆ ಹೂ ಬಿಡಿಸಲು ಬಂದ ಗಾದೆಮ್ಮನವರು ಆ ಕರಿ ಗಂಟು ಕಂಡು ಹಾಕಿದ ಕೂಗಿಗೆ ಓಣಿಯೇ ಸೇರಿತು.

"ನಮ್ಮ ಮನಿಗೆ ಮಾಟ ಮಾಡಿಸ್ಯಾರ. ಯಾರು ಅಂತ ನನಗ ಗೊತ್ತೈತಿ."

ಅವರ ಬೆರಳು ತೋರಿದ್ದು ಎದುರು ಮನೆಯಲ್ಲಿದ್ದ ಮೈದುನನ ಹೆಂಡತಿ ಗೀತಮ್ಮನತ್ತ. ನಲ್ಲಿ ನೀರಿನ ವಿಷಯಕ್ಕೆ ಇಬ್ಬರಲ್ಲಿ ಮಾತು ನಿಂತು ಎರಡು ವರ್ಷವಾಗಿತ್ತು.

"ನಾನ್ಯಾಕ ಮಾಡ್ಲಿ ಅಕ್ಕಾ? ನನಗೂ ಮಕ್ಕಳು ಅದಾವ," ಎಂದು ಗೀತಮ್ಮ ಬಾಗಿಲಲ್ಲೇ ಅಳತೊಡಗಿದಳು. ಗಾದೆಮ್ಮನವರ ಮಗ ಅಂಜಿನಿ ತೋಳು ಮಡಚುತ್ತ ಆ ಕಡೆ ಹೊರಟಿದ್ದ.

ಸುಮ್ಮನಿದ್ದರೆ ಏನೂ ಅರಿಯದ ಹೆಂಗಸಿಗೆ ಅಪವಾದ. ಬಾಯಿ ಬಿಟ್ಟರೆ ಟೊಂಗೆಗಳ್ಳ ಮೇಷ್ಟ್ರೆಂದು ಹೆಸರು. ಹೋದ ತಿಂಗಳಷ್ಟೇ ಇದೇ ಜನರನ್ನು ಕೂಡಿಸಿ ಮಾಟಮಂತ್ರವೆಲ್ಲ ಸುಳ್ಳೆಂದು ಒಂದೂವರೆ ತಾಸು ಕೊರೆದಿದ್ದೆ.

"ಮೇಷ್ಟ್ರಿಗೆ ಇದರಾಗ ನಂಬಿಕಿ ಇಲ್ಲ. ಅವರೇ ಬಿಚ್ಚಲಿ ಬಿಡ್ರಿ," ಎಂದ ಮೂಲೆಮನೆ ಸುಂಕಪ್ಪ.

ಬಿಚ್ಚಿದೆ. ಕೈ ಗಡಗಡ ನಡುಗುತ್ತಿತ್ತು. ಮಾಟದ ಶಕ್ತಿಯೇ ಅಂಥದ್ದೆಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಹಳದಿ ನಾರಿನ ತುಂಬ ಬೆಳ್ಳಗೆ ಎಳೆಎಳೆಯಾಗಿ ಬೇರು! ನನ್ನ ಇಡೀ ಸರ್ವೀಸಿನಲ್ಲಿ ಅಂಥ ಬೇರು ಕಂಡಿರಲಿಲ್ಲ. ಆ ಗಳಿಗೆಯಲ್ಲೂ ನನಗೆ ಹೆಮ್ಮೆಯಾಯಿತು ಅಂದರೆ ನಂಬಿ.

"ಮುದುಕಿ ಕೂದ್ಲು," ಎಂದು ಸುಂಕಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದ.

ಇನ್ನು ತಡೆಯಲಾಗಲಿಲ್ಲ. "ಕೂದ್ಲಲ್ರಿ, ಬೇರು. ಇದನ್ನ ಕಟ್ಟಿದ್ದು ನಾನೇ. ಗಿಡದ ಆಸೆಗೆ ಕೇಳದಂಗ ಕಟ್ಟೀನಿ. ಗೀತಮ್ಮಂದು ಏನೂ ತಪ್ಪಿಲ್ಲ."

ಗಾದೆಮ್ಮನವರು ನನ್ನನ್ನೇ ದಿಟ್ಟಿಸಿದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೋಡ್ರಿ, ಜಗಳ ಆಗಬಾರ್ದಂತ ತಮ್ಮ ಮೈಮ್ಯಾಲೆ ಹಾಕ್ಕೊಳ್ಳಾಕತ್ಯಾರ. ಇಂಥವರು ನಮ್ಮ ಸಲುವಾಗಿ ಸುಳ್ಳು ಹೇಳೋವಾಗ ನಾವ್ಯಾಕ ಕಚ್ಚಾಡಬೇಕು?"

"ಸುಳ್ಳಲ್ರಿ, ಖರೇನ," ಎಂದೆ. ಯಾರೂ ಕಿವಿಗೊಡಲಿಲ್ಲ. ಗಾದೆಮ್ಮನವರು ಹೋಗಿ ಗೀತಮ್ಮನ ಕೈ ಹಿಡಿದುಕೊಂಡರು. ಅಂಜಿನಿ ಟೊಂಗೆ ಕಡಿದು, ಸೀಮೆಎಣ್ಣೆ ಸುರಿದು, ಬೇರು ಸಮೇತ ನನ್ನ ಕಣ್ಣೆದುರೇ ಸುಟ್ಟ. ನನಗೆ ನಿಜಕ್ಕೂ ಅಳು ಬಂತು. ಎಂಥ ಮೃದು ಮನಸ್ಸೆಂದು ಜನ ಹೊಗಳಿದರು.

ಮರುದಿನ ಶಾಲೆಗೆ ಹೊರಟಾಗ ಗೇಟಿನಲ್ಲಿ ಗಂಡ ಹೆಂಡತಿ ಇಬ್ಬರು ನಿಂತಿದ್ದರು. ಕಾನಹೊಸಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವರಂತೆ. ಕೈಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ.

"ಮಾಟ ತಗೀತಾರಂತಲ್ಲ, ಆ ಮೇಷ್ಟ್ರ ಮನಿ ಇದೇನ್ರಿ?"

ನನ್ನ ನಾಲಿಗೆ ಹೊರಳುವ ಮೊದಲೇ ಪ್ರಿಯಾ ಕುರ್ಚಿ ತಂದು ಹಾಕಿದಳು.

"ಇದೇ, ಬರ್ರಿ, ಕುಂದರ್ರಿ. ಅವರಿಗೆ ಬಿಚ್ಚಾಕೂ ಬರತೈತಿ, ಕಟ್ಟಾಕೂ ಬರತೈತಿ."