ಮಾತು ಬಿಟ್ಟ ಶಾಂತಾಬಾಯಿ

ಎಪ್ಪತ್ತೊಂದನೇ ಇಸವಿಯ ಮಾತು. ಔರಂಗಾಬಾದಿನ ಆ ಹಳೇ ವಾಡೆಯಲ್ಲಿ ಬೀದರ ಕಡೆಯ ಆರು ಸಂಸಾರಗಳಿದ್ದವು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಜೋಗುಳ ಶಾಂತಾಬಾಯಿಯದೇ. ಭಾಲ್ಕಿಯ ತವರಿನಲ್ಲಿ ಅವ್ವ ಕಲಿಸಿದ್ದ ಹದಿನಾರು ನುಡಿಯ ಹಾಡು. ಒಂದೊಂದು ನುಡಿಗೂ ಒಂದೇ ಉಸಿರು.

ಆ ಹೊತ್ತಿಗೆ ಅವರಿಗೆ ದಮ್ಮಿನ ಬೇನೆ. ಡಾಕ್ಟರು ಹೇಳಿದಂತೆ ದಿನಾ ಬೆಳಿಗ್ಗೆ ನೆಟ್ಟಗೆ ಕೂತು, ಮೂಗಿನಿಂದ ಉಸಿರು ತುಂಬಿಕೊಂಡು, ತವರಿನ ದಾರಿಯ ಊರುಗಳನ್ನು ಹೇಳುತ್ತಿದ್ದರು: ಜಾಲನಾ, ಪರಭಣಿ, ಪರಳಿ, ಉದಗೀರ, ಭಾಲ್ಕಿ. ಮೊದಲೆಲ್ಲ ಒಂದೇ ಉಸಿರಿನಲ್ಲಿ ಭಾಲ್ಕಿ ಮುಟ್ಟಿ ವಾಪಸು ಬರುತ್ತಿದ್ದರು. ಆ ವರ್ಷ ಗಾಡಿ ಪರಳಿಯಲ್ಲೇ ನಿಲ್ಲುತ್ತಿತ್ತು.

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹಾಡು, ದನಿಗೂಡಿಸಲು ಪಕ್ಕದಲ್ಲಿ ಕೂರುತ್ತಿದ್ದ ಎದುರುಮನೆಯ ಪ್ರೇಮಾಬಾಯಿಯ ಪಾಲಾಗುತ್ತಿತ್ತು.

ಅದೇ ವಾಡೆಯ ರೇವಣಪ್ಪನವರ ಮೊಮ್ಮಗಳಿಗೆ ಹೆಸರಿಡುವ ದಿನ, ಉಸಿರು ಉಳಿಸಲೆಂದು ಶಾಂತಾಬಾಯಿ ಮಾತೇ ಬಿಟ್ಟರು. ನಲ್ಲಿಯ ಹತ್ತಿರ ಪಕ್ಕದ ಮನೆಯ ನಾಗಮ್ಮ ಚಹಾ ಆಯಿತೇ ಎಂದು ಕೇಳಿದರೆ ಬರೀ ತಲೆಯಾಡಿಸಿದರು. ಕೊಡ ಮನೆ ಸೇರುವಷ್ಟರಲ್ಲಿ, ಶಾಂತಾಬಾಯಿ ಮುನಿಸಿಕೊಂಡಿದ್ದಾರೆಂದು ವಾಡೆಗೆಲ್ಲ ಗೊತ್ತಾಯಿತು.

ಮೊದಲು ನಾಗಮ್ಮನೇ ಬಂದಳು. ಎರವಲು ಒಯ್ದಿದ್ದ ಜರಡಿಯನ್ನು ಹರಿದು ವಾಪಸು ಕೊಟ್ಟಿದ್ದು ತನ್ನದೇ ತಪ್ಪೆಂದಳು. ಆಮೇಲೆ ರೇವಣಪ್ಪನವರ ಹೆಂಡತಿ ಮಲ್ಲಮ್ಮ ಕುಂಕುಮದ ಬಟ್ಟಲು ಹಿಡಿದು ಬಂದು, ಕರೆಯುವುದರಲ್ಲಿ ಏನು ಕಡಿಮೆಯಾಯಿತೆಂದು ಅಳತೊಡಗಿದಳು. ಸಿಟ್ಟಿಲ್ಲವೆಂದು ಆಕೆಯನ್ನು ನಂಬಿಸಲು ಶಾಂತಾಬಾಯಿಗೆ ಒಂದು ತಾಸು ಹಿಡಿಯಿತು. ಉಳಿಸಿದ್ದ ಉಸಿರೆಲ್ಲ ಅಲ್ಲೇ ಖರ್ಚಾಯಿತು.

ತೊಟ್ಟಿಲ ಮುಂದೆ ಎರಡನೇ ಸಾಲಿಗೇ ಅವರ ಎದೆ ಕಮ್ಮಾರನ ತೂತುಬಿದ್ದ ತಿದಿಯಂತೆ ಸುಂಯ್‌ಗುಟ್ಟಿತು. ಹೆಂಗಸರೆಲ್ಲ ನೋಡುತ್ತಿದ್ದರು. ಅವ್ವನ ಮುಖ ನೆನಪಾಗಿ ಅವರ ಕಣ್ಣು ತುಂಬಿತು. ಕೊನೆಗೆ ಪಕ್ಕದಲ್ಲಿದ್ದ ಪ್ರೇಮಾಬಾಯಿಯ ಕಿವಿಗೆ ಬಾಗಿದರು.

“ನನಗ ದಮ್ಮು ಅದವಾ. ಇನ್ನ ಮುಂದ ನೀನೇ ಹಾಡು.”

ಪ್ರೇಮಾಬಾಯಿ ಬೆಚ್ಚಿದಳು. “ಅಕ್ಕಾ, ನನಗೂ ಅದರಿ. ಮೂರು ವರ್ಷ ಆಯ್ತು. ನಿಮ್ಮ ಮಗ್ಗಲಕ ಕುಂತು ಬರೇ ತುಟಿ ಅಲ್ಲಾಡಸ್ತೀನಿ.”

ಕೂಸು ಅಳತೊಡಗಿತು. ಬೇರೆ ದಾರಿಯಿರಲಿಲ್ಲ. ಅರ್ಧ ಸಾಲು ಈಕೆ, ಉಳಿದರ್ಧ ಆಕೆ, ಹೇಗೋ ಐದು ನುಡಿ ದಾಟಿಸಿದರು. ಕೂಸು ಮಲಗಿತು. ಇದು ಭಾಲ್ಕಿಯ ಹಳೇ ಪದ್ಧತಿಯಿರಬೇಕೆಂದು ಹೆಂಗಸರು ತಲೆದೂಗಿದರು.

ಶಾಂತಾಬಾಯಿ ಚಪ್ಪಲಿ ಮೆಟ್ಟುವುದರೊಳಗೆ ವಾಡೆಯ ಕೊನೆಯ ವಿಶ್ವನಾಥಪ್ಪನವರ ಮನೆಯಿಂದ ಮುಂದಿನ ತೊಟ್ಟಿಲಿಗೆ ಕರೆ ಬಂತು. ಇಬ್ಬರೂ ಹೀಗೇ ಹಾಡಬೇಕಂತೆ. ಈಗ ಜೊತೆಯಿದೆಯಲ್ಲ, ಹದಿನಾರು ನುಡಿಯೂ ಆಗಲಿ ಎಂದರಂತೆ.